ಸುಗುಣಳಿಗೆ ಬೇಕಾದ ಬಿಸ್ಕೀಟು

ಪಾಂಡು ಮುಂಬಯಿಯ ಗಿರ್‌ಗಾಂವ್‌ನ ಒಂದು ಬೇಕರಿಯಲ್ಲಿ ಮೂವತ್ತೆರಡು ವರ್ಷ ಹಿಟ್ಟು ನಾದಿದವನು. 2013ರ ದೀಪಾವಳಿ ಹೊತ್ತಿಗೆ ಧಣಿ ಜಾಗ ಮಾರಿ ಬೇಕರಿ ಮುಚ್ಚಿದ. ಪಾಂಡು ಕುಂದಾಪುರದ ಬಳಿಯ ತ್ರಾಸಿಯ ತನ್ನ ಮನೆಗೆ ಬಂದ. ಬರುವಾಗ ಒಂದು ಟ್ರಂಕು, ಎರಡು ಚೀಲ, ಹಳೆ ಸೀರೆಯಲ್ಲಿ ಸುತ್ತಿದ ಒಂದು ಕರೆಂಟಿನ ಓವನ್ ತಂದಿದ್ದ. ರೈಲಿನಲ್ಲಿ ಓವನ್ನನ್ನು ಬರ್ತಿನ ಮೇಲೆ ಮಲಗಿಸಿ ತಾನು ಕಾಲ ಬುಡದಲ್ಲಿ ಮುದುಡಿ ಕೂತು ಬಂದನಂತೆ.

ಅವನ ಹೆಂಡತಿ ಸುಗುಣ ಮೀನು ಮಾರುವವಳು. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು, ಉಳಿದ ಹೆಂಗಸರ ಜೊತೆ ಟೆಂಪೋದಲ್ಲಿ ಕುಂದಾಪುರದ ಮಾರ್ಕೆಟ್ಟಿಗೆ ಹೋಗಿ, ಮಧ್ಯಾಹ್ನದವರೆಗೆ ಮಾರಿ ಮನೆಗೆ ಬರುವುದು ಅವಳ ದಿನಚರಿ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾಗಿತ್ತು. ಆದರೆ ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ವರ್ಷಕ್ಕೆ ಒಂದು ತಿಂಗಳು, ಹೆಚ್ಚೆಂದರೆ ಒಂದೂವರೆ. ಮಗಳು ಚಂದನಾಳನ್ನು ಸಾಕಿದ್ದು, ಓದಿಸಿದ್ದು, ಹಂಗಾರಕಟ್ಟೆಗೆ ಮದುವೆ ಮಾಡಿಕೊಟ್ಟದ್ದು ಎಲ್ಲ ಸುಗುಣಳೇ. ಈಗ ಗಂಡ ಬೆಳಗಿನಿಂದ ಸಂಜೆಯವರೆಗೂ ಮನೆಯಲ್ಲೇ ಇರುವುದು ಅವಳಿಗೆ ಒಂಥರಾ ಹೊಸತು. ಲುಂಗಿ ಎಲ್ಲಿ ಒಣಗಿಸುತ್ತಾನೆ, ಚಾಕ್ಕೆ ಎಷ್ಟು ಹಾಲು ಬೇಕು ಎಂಬುದನ್ನೆಲ್ಲ ಹೊಸದಾಗಿ ಕಲಿಯಬೇಕಾಯಿತು.

ಪಾಂಡುವಿಗೂ ಹಾಗೇ. ಹೆಂಡತಿಯ ಜೊತೆ ಏನು ಮಾತಾಡಬೇಕೆಂದು ಅವನಿಗೆ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಅವನು ಓವನ್ನಿನಲ್ಲಿ ಬಿಸ್ಕೀಟು ಬೇಯಿಸತೊಡಗಿದ. ನಾನ್‌ಕಟಾಯಿ, ಪದರ ಪದರದ ಖಾರಿ, ಬೆಣ್ಣೆ ಬಿಸ್ಕೀಟು, ಟೂಟಿಫ್ರೂಟಿ ಹಾಕಿದ ಕೇಕು. ಸುಗುಣ ಮಾರ್ಕೆಟ್ಟಿನಿಂದ ಬಂದು ಕಾಲು ತೊಳೆಯುವ ಮೊದಲೇ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದ.

"ಹ್ಯಾಂಗಿತ್ತ್?"

"ಲಾಯ್ಕಿತ್ತ್," ಅನ್ನುತ್ತಿದ್ದಳು ಸುಗುಣ. ಚೆನ್ನಾಗಿದೆ ಎಂಬ ಅಷ್ಟು ಮಾತು ಸಾಕಿತ್ತು ಅವನಿಗೆ. ಮರುದಿನ ಇನ್ನೊಂದು ಬಗೆ.

ಮಾಘದ ಹೊತ್ತಿಗೆ ಸುಗುಣಳಿಗೆ ಸುಸ್ತು ಶುರುವಾಯಿತು. ಎಷ್ಟು ನೀರು ಕುಡಿದರೂ ಬಾಯಾರಿಕೆ. ಮೀನಿನ ಬುಟ್ಟಿ ತಲೆಗೆ ಏರಿಸಿಕೊಳ್ಳುವಾಗ ಕಣ್ಣು ಕತ್ತಲೆ. ಕುಂದಾಪುರದಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಳು. ಮರುದಿನ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಹತ್ತಿರ ಹೋದರು.

ಡಾಕ್ಟರು ಹಿರಿಯ ಹೆಂಗಸು. ಚೀಟಿ ನೋಡಿ, "ಸಕ್ಕರೆ ಕಾಯಿಲೆ ಶುರುವಾಗಿದೆ. ಹೆದರಬೇಡಿ. ಸಣ್ಣ ಮಾತ್ರೆ ಕೊಡ್ತೇನೆ," ಅಂದರು. "ಆದ್ರೆ ಮೈದಾ, ಸಕ್ಕರೆ, ಡಾಲ್ಡಾ ಈ ಮೂರು ದೂರ ಇಡಿ. ಜೊತೆಗೆ ಮೈಕೈ ಗಟ್ಟಿಯಾಗುವ ಹಾಗೆ ವ್ಯಾಯಾಮ ಮಾಡಬೇಕು."

ಸುಗುಣಳಿಗೆ ನಗು ಬಂತು. "ಡಾಕ್ಟ್ರೇ, ನಾನ್ ದಿನಾ ಮೂವತ್ತ್ ಕೆಜಿ ಮೀನ್ ಹೊರ್ತೆ. ಇನ್ನೆಂತ ವ್ಯಾಯಾಮ?"

"ಹೊತ್ತುಕೊಂಡು ಎಷ್ಟು ದೂರ ಹೋಗ್ತೀರಿ?"

"ಟೆಂಪೋ ಇಳ್ದ್ ಮಾರ್ಕೆಟ್ ಒಳಗೆ."

"ಆಮೇಲೆ?"

"ಕೂಕಂತೆ."

"ಎಷ್ಟು ಹೊತ್ತು ಕೂತಿರ್ತೀರಿ?"

ಸುಗುಣ ಲೆಕ್ಕ ಹಾಕಿದಳು. "ಮಧ್ಯಾಹ್ನ ಒಂದ್ ಗಂಟೆವರೆಗೆ."

ಡಾಕ್ಟರು ಬರೆಯುತ್ತಲೇ ನಕ್ಕರು. ಆದರೆ ಪಕ್ಕದ ಸ್ಟೂಲಿನಲ್ಲಿ ಕೂತ ಪಾಂಡುವಿನ ಮುಖ ಬಾಡಿತ್ತು. ಮೈದಾ, ಸಕ್ಕರೆ, ಡಾಲ್ಡಾ. ಅವನು ಮೂವತ್ತೆರಡು ವರ್ಷ ಕೈಯಲ್ಲಿ ಹಿಡಿದದ್ದು ಆ ಮೂರನ್ನೇ. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ನೋಡುತ್ತಾ, "ನನ್ ಕೈಯಿಂದ್ಲೇ ನಿಂಗೆ ಕಾಯಿಲೆ ಬಂತ್ ಕಾಣ್," ಅಂದ.

"ನಿಮ್ದ್ ಮೂರ್ ತಿಂಗಳ ಬಿಸ್ಕೀಟು. ನಾನ್ ಇಪ್ಪತ್ತ್ ವರ್ಷದಿಂದ ಚಾಕ್ಕೆ ಮೂರ್ ಚಮಚ ಸಕ್ರೆ ಹಾಕಂತೆ. ಸುಮ್ಗೆ ಕೂಕಣಿ," ಅಂದಳು ಸುಗುಣ.

ವ್ಯಾಯಾಮದ ಮಾತು ಕೇಳಿ ಖುಷಿಯಾದದ್ದು ಶರಣ್ಯಾಳಿಗೆ. ಶರಣ್ಯಾ ಸುಗುಣಳ ಅಣ್ಣನ ಮಗಳು, ಎರಡು ಮನೆ ಆಚೆ ಇರುವವಳು. ದೈಹಿಕ ಶಿಕ್ಷಣ ಕಲಿತು ಬೈಂದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಮಕ್ಕಳಿಗೆ ಕಬಡ್ಡಿ, ಖೊಖೊ ಹೇಳಿಕೊಡುವ ಅವಳಿಗೆ ಊರಿನ ಹೆಂಗಸರಿಗೂ ಏನಾದರೂ ಕಲಿಸಬೇಕೆಂಬ ಆಸೆ ಮೊದಲಿನಿಂದ ಇತ್ತು. "ಅತ್ತೆ, ದಿನಾ ಬ್ಯಾಡ. ವಾರಕ್ಕೆ ಮೂರ್ ಸಲ, ಸಂಜೆ ಐದೂವರೆಗೆ, ನಮ್ ಮನೆ ಅಂಗಳದಲ್ಲಿ," ಅಂದಳು. ಜಿಮ್ಮಿನ ಕಬ್ಬಿಣ ಎಲ್ಲಿಂದ ತರುವುದು? ಖಾಲಿ ಪೇಂಟ್ ಡಬ್ಬಗಳಿಗೆ ಮರಳು ತುಂಬಿಸಿ, ತೂಗಿ, ಮೇಲೆ ಸುಣ್ಣದಲ್ಲಿ ಐದು, ಹತ್ತು, ಹದಿನೈದು ಎಂದು ಬರೆದಳು. ಹಳೇ ಸೈಕಲ್ ಟ್ಯೂಬುಗಳನ್ನು ಕೊಯ್ದು ಮಾವಿನ ಮರಕ್ಕೆ ಕಟ್ಟಿದಳು.

ಮೊದಲ ದಿನ ಆರು ಹೆಂಗಸರು ಬಂದರು. ಅದರಲ್ಲಿ ಸುಗುಣಳ ಜೊತೆ ಮಾರ್ಕೆಟ್ಟಿನಲ್ಲಿ ಕೂರುವ ಬಾಗಿಯೂ ಇದ್ದಳು. ಕುಕ್ಕರಗಾಲಿನಲ್ಲಿ ಕೂತು ಏಳುವುದು ಮೊದಲನೆಯ ವ್ಯಾಯಾಮ. ಅದು ಮೀನಿನ ಹೆಂಗಸರಿಗೆ ಹುಟ್ಟಿನಿಂದ ಬಂದದ್ದು. ಸುಗುಣ ಹತ್ತು ಕೆಜಿಯ ಡಬ್ಬ ಎದೆಗೆ ಅವಚಿಕೊಂಡು ಹದಿನೈದು ಸಲ ಕೂತು ಎದ್ದು, "ಇಷ್ಟೆಯಾ?" ಅಂದಳು. ಶರಣ್ಯಾ ಕಣ್ಣರಳಿಸಿದಳು. ಮುಂದಿನದು, ಅಂಗೈ ನೆಲಕ್ಕೆ ಊರಿ ಮೈ ಕೆಳಗಿಳಿಸಿ ಮೇಲೆತ್ತುವ ದಂಡ. ಸುಗುಣ ಇಳಿದಳು, ಏಳಲಿಲ್ಲ. ಚಾಪೆಯ ಮೇಲೆ ಬೋರಲಾಗಿ ಬಿದ್ದುಕೊಂಡು ನಗತೊಡಗಿದಳು. ಬಾಗಿ, "ಹೆಣೆ, ಒಣಗ್ಸೂಕೆ ಹಾಕದ್ ಬಂಗ್ಡೆ ಕಂಡಂಗ್ ಕಾಣ್ತೆ ಮರಾಯ್ತಿ!" ಎಂದು ಹೇಳಿ ತಾನೂ ಇಳಿದಳು. ಅವಳೂ ಏಳಲಿಲ್ಲ.

"ಗೋಡೆಗೆ ಕೈ ಕೊಟ್ಟ್ ಮಾಡುವ, ಮತ್ತೆ ನೆಲ," ಅಂದಳು ಶರಣ್ಯಾ. ಅವಳು ಒಂದು ನೋಟ್‌ಬುಕ್ಕಿನಲ್ಲಿ ಯಾರು ಎಷ್ಟು ಎತ್ತಿದರು ಎಂದು ಬರೆದುಕೊಂಡಳು. ಅಂದು ಮನೆಗೆ ಬಂದ ಸುಗುಣಳ ಮುಖದಲ್ಲಿದ್ದ ಗೆಲುವನ್ನು ಪಾಂಡು ಎಂದೂ ಕಂಡಿರಲಿಲ್ಲ. ಅವನಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಇತ್ತ ಅವನದ್ದೂ ಒಂದು ಪಂಥ ನಡೆದಿತ್ತು. ಮೈದಾ ಇಲ್ಲದೆ, ಸಕ್ಕರೆ ಇಲ್ಲದೆ ಬಿಸ್ಕೀಟು ಮಾಡಿಯೇ ಮಾಡುತ್ತೇನೆ ಎಂದು ಹಟ ಹಿಡಿದಿದ್ದ. ಮೊದಲು ಬರೀ ರಾಗಿ ಹಿಟ್ಟಿನಲ್ಲಿ ಮಾಡಿದ. ರಾಗಿ ಹಿಟ್ಟಿಗೆ ಹಿಡಿತವಿಲ್ಲ ಎಂಬುದು ಅವನಿಗೆ ಗೊತ್ತಿತ್ತು, ಆದರೂ ನೋಡುವ ಅಂದುಕೊಂಡ. ತಟ್ಟೆಯಿಂದ ಎತ್ತುವಾಗಲೇ ಪುಡಿಯಾಯಿತು. ಎರಡನೆಯ ಸಲ ನೀರು ಕಡಿಮೆ ಮಾಡಿ ಗಟ್ಟಿಯಾಗಿ ಕಲಸಿದ. ಆ ಬಿಸ್ಕೀಟು ಕಚ್ಚಿದ ಸುಗುಣ ದವಡೆ ಹಿಡಿದುಕೊಂಡಳು. ಬಾಳೆಹಣ್ಣು ಹಾಕಿ ಮಾಡಿದ್ದು ಒಳಗೆ ಹಸಿಯಾಗಿಯೇ ಉಳಿಯಿತು. ಗೋಧಿಯ ಪಾವ್ ಉಬ್ಬದೆ ಚಪ್ಪಟೆಯಾಗಿ ಕೂತಿತು.

ಒಂದು ದಿನ ನಾರಿನಂಶ ಒಳ್ಳೆಯದು ಎಂದು ಪೇಪರಿನಲ್ಲಿ ಓದಿ ಅಕ್ಕಿ ಮಿಲ್ಲಿನಿಂದ ತೌಡು ತಂದು ಹುರಿದು ಹಾಕಿದ. ಸುಗುಣ ಮೂಸಿ ನೋಡಿದಳು.

"ಇದೆಂತ?"

"ತೌಡು. ಒಳ್ಳೇದಂಬ್ರ್."

"ನಾನೆಂತ ದನವಾ?" ಅಂದಳು ಸುಗುಣ. ಆದರೂ ತಿಂದಳು. ಕೇಳಿದ್ದಕ್ಕೆ "ಲಾಯ್ಕಿತ್ತ್" ಅಂದಳು.

ಹೀಗೆ ಮೂರು ವಾರ ನಡೆಯಿತು. ದಿನಾ ಒಂದು ತಟ್ಟೆ, ದಿನಾ ಒಂದು "ಲಾಯ್ಕಿತ್ತ್". ಪಾಂಡು ಪರವಾಗಿಲ್ಲ ಎಂದುಕೊಂಡ. ಮಾರ್ಚ್ ತಿಂಗಳ ಒಂದು ಸೋಮವಾರ ಓಮ, ಎಳ್ಳು ತರಲೆಂದು ಕುಂದಾಪುರಕ್ಕೆ ಹೋದವನು, ಹೇಗೂ ಬಂದಿದ್ದೇನಲ್ಲ, ಹೆಂಡತಿಯನ್ನು ನೋಡಿಕೊಂಡು ಹೋಗುವ ಎಂದು ಮೀನು ಮಾರ್ಕೆಟ್ಟಿಗೆ ತಿರುಗಿದ. ಗಂಟೆ ಹನ್ನೊಂದೂವರೆ. ಗಿರಾಕಿಗಳು ಕಡಿಮೆಯಾಗಿದ್ದರು. ಸುಗುಣ ಮಣೆಯ ಮೇಲೆ ಕೂತು, ಎಡಗೈಯಲ್ಲಿ ಚಾ ಲೋಟ ಹಿಡಿದು, ಬಲಗೈಯಲ್ಲಿ ಒಂದು ಬೆಣ್ಣೆ ಬಿಸ್ಕೀಟನ್ನು ಚಾದಲ್ಲಿ ಅದ್ದಿ ತಿನ್ನುತ್ತಿದ್ದಳು. ಪಕ್ಕದಲ್ಲಿ ಬಿಚ್ಚಿದ ಪೊಟ್ಟಣ. ಯಾವುದೋ ಬೇಕರಿಯದ್ದು.

ಪಾಂಡು ಕಂಬದ ಮರೆಯಿಂದಲೇ ಹಿಂದೆ ತಿರುಗಿದ.

ಮಧ್ಯಾಹ್ನ ಸುಗುಣ ಮನೆಗೆ ಬಂದಾಗ ತಟ್ಟೆ ಇರಲಿಲ್ಲ. ಓವನ್ನಿನ ಮೇಲೆ ಬಟ್ಟೆ ಹೊದಿಸಿತ್ತು.

"ಹುಷಾರಿಲ್ದಾ?" ಎಂದು ಕೇಳಿದಳು.

"ನಂಗೆ ಹುಷಾರಿತ್ತ್. ಮೂವತ್ತೆರಡ್ ವರ್ಷ ಬೇಕರಿ ಕೆಲ್ಸ ಮಾಡದವ್ನ ಹೆಂಡ್ತಿ ಮಾರ್ಕೆಟ್ಟಲ್ ಕೂಕಂಡ್ ಬೇರೆ ಬೇಕರಿ ಬಿಸ್ಕೀಟ್ ತಿಂತ್ಳ್. ನಾನ್ ಎಂತ ಹೇಳೂದ್?"

ಸುಗುಣ ಮೊದಲು ನಾಚಿದಳು. ಮತ್ತೆ ಸಿಟ್ಟು ಬಂತು. ಬುಟ್ಟಿಯನ್ನು ದಬ್ ಎಂದು ಇಟ್ಟಳು.

"ಇಪ್ಪತ್ತೆಂಟ್ ವರ್ಷ ನಾನ್ ಬೇರೆ ಬೇಕರಿದೇ ತಿಂದದ್ದ್. ಆಗ ನೀವೆಲ್ಲಿದ್ರಿ? ನೀವ್ ಮಾಡದ್ ಬಿಸ್ಕೀಟ್ ಮುಂಬಯಿಯವ್ರ್ ತಿಂದ್ರ್. ಬೆಳಿಗ್ಗೆ ಐದಕ್ಕೆ ಒಂದ್ ಲೋಟ ಚಾ ಕುಡ್ದ್ ಹೋಪವ್ಳ್ ನಾನ್. ಹನ್ನೊಂದ್ ಗಂಟೆಗೆ ಹೊಟ್ಟೆ ಎಂತ ಹೇಳತ್ತ್ ಗೊತ್ತಿತ್ತಾ ನಿಮ್ಗೆ? ಆಗ ಎದುರಿಗೆ ಸಿಕ್ಕದ್ದ್ ತಿಂಬುದ್!"

ಪಾಂಡು ಅಂಗಿ ಹಾಕಿಕೊಂಡು ಸಮುದ್ರದ ಕಡೆಗೆ ಹೋದವನು ದೀಪ ಹಚ್ಚುವ ಹೊತ್ತಿಗೆ ಬಂದ. ಆಮೇಲೆ ಎರಡು ದಿನ ಮನೆಯಲ್ಲಿ ಮಾತಿಲ್ಲ. ಸುಗುಣ ಅನ್ನ ಬಡಿಸಿ ಪಾತ್ರೆ ಸದ್ದು ಮಾಡುವಳು, ಅವನು ಬಂದು ಉಣ್ಣುವನು. ಶರಣ್ಯಾ ಬಂದು ಇಬ್ಬರ ಮುಖ ನೋಡಿದಳು. ಹೋಗುವಾಗ, "ಮಾವ, ಸಂಜೆ ನೀವೂ ಬನ್ನಿ ಅಂಗಳಕ್ಕೆ. ಸಿಟ್ಟಿದ್ದವ್ರಿಗೆ ಡಬ್ಬ ಎತ್ತೂದ್ ಭಾರೀ ಒಳ್ಳೇದ್," ಅಂದಳು.

ಆರು ಹೆಂಗಸರ ನಡುವೆ ಹೋಗಿ ನಿಲ್ಲುವುದೆ? ಪಾಂಡುವಿಗೆ ಮನಸ್ಸಾಗಲಿಲ್ಲ. ಆದರೆ ಮನೆಯಲ್ಲೇ ಮಾಡಿ ನೋಡಬಹುದಲ್ಲ ಎನಿಸಿತು. ದಿನಾ ಎರಡು ಮೂಟೆ ಮೈದಾ ನಾದಿದ ತೋಳು ಅವನದು. ಮೂರನೆಯ ದಿನ ಸಂಜೆ, ಸುಗುಣ ಅಂಗಳದ ವ್ಯಾಯಾಮ ಮುಗಿಸಿ ಬರುವ ಮೊದಲು, ಅವಳು ಮನೆಗೆಂದು ತಂದಿಟ್ಟುಕೊಂಡಿದ್ದ ಹದಿನೈದು ಕೆಜಿಯ ಡಬ್ಬ ತೆಗೆದುಕೊಂಡು ಮನೆಯ ಹಿಂಬದಿಗೆ ಹೋದ. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಲುಂಗಿ ಎತ್ತಿ ಕಟ್ಟಿ, ಡಬ್ಬ ಎದೆಗೆ ಒತ್ತಿ ಹಿಡಿದು ಕುಕ್ಕರಗಾಲಿನಲ್ಲಿ ಕೂತ.

ಕೂತದ್ದು ಸರಿ. ಏಳಲಿಲ್ಲ. ಮೂವತ್ತೆರಡು ವರ್ಷ ನಿಂತೇ ಕೆಲಸ ಮಾಡಿದ ಮೊಣಕಾಲು ಕಟಕ್ ಎಂದು ಹಿಡಿದುಕೊಂಡಿತು. ಮುಂದೆ ಬೀಳೋಣವೆಂದರೆ ಡಬ್ಬ. ಹಿಂದೆ ಬೀಳೋಣವೆಂದರೆ ಮೀನು ತೊಳೆದ ನೀರಿನ ಹೊಂಡ. ಅಲ್ಲಿ ಎರಡು ಬೆಕ್ಕುಗಳು ಕೂತು ಅವನನ್ನೇ ನೋಡುತ್ತಿದ್ದವು. ಸುಮಾರು ಹೊತ್ತು ಹಾಗೇ ಕೂತ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಕೊನೆಗೆ ಮುಂಬಾಗಿಲ ಕಡೆ ಹೆಜ್ಜೆ ಸದ್ದು ಕೇಳಿಸಿತು. ಮಾತು ಬಿಟ್ಟು ಎರಡು ದಿನವಾಗಿತ್ತು, ಆದರೆ ಬೇರೆ ದಾರಿ ಇರಲಿಲ್ಲ.

"ಹ್ವಾಯ್..." ಎಂದು ಮೆಲ್ಲಗೆ ಕರೆದ. ಯಾರೂ ಬರಲಿಲ್ಲ. "ಹ್ವಾಯ್! ಸುಗುಣಾ!"

ಸುಗುಣ ಬಂದು ನೋಡಿದಳು. ಕ್ಷಣ ಹೊತ್ತು ಅವಳಿಗೆ ಏನೆಂದು ಅರ್ಥವಾಗಲಿಲ್ಲ.

"ಎಂತ ಮಾಡ್ತಾ ಇದ್ರಿ?"

"ಕಾಂತಿಲ್ಯಾ? ವ್ಯಾಯಾಮ. ಏಳೂಕ್ ಆತಿಲ್ಲ."

ಅವಳು ತುಟಿ ಕಚ್ಚಿಕೊಂಡಳು. ನಗಲಿಲ್ಲ. ಹತ್ತಿರ ಬಂದು ಅವನ ಕೈಯಿಂದ ಡಬ್ಬ ಬಿಡಿಸಿ ಪಕ್ಕಕ್ಕಿಟ್ಟಳು. ಎದುರಿಗೆ ತಾನೂ ಕುಕ್ಕರಗಾಲಿನಲ್ಲಿ ಕೂತು ಅವನ ಕಂಕುಳಿಗೆ ಎರಡೂ ಕೈ ಹಾಕಿದಳು.

"ಉಸ್ರ್ ಒಳಗೆ ತಕಣಿ. ಬೆನ್ನ್ ನೆಟ್ಟಗಿರ್ಲಿ. ನಾನ್ ಹೇಳ್ದಾಗ ಹಿಮ್ಮಡಿ ನೆಲಕ್ಕೆ ಒತ್ತಿ. ಹ್ಞಾಂ, ಈಗ!"

ಎಪ್ಪತ್ತೆಂಟು ಕೆಜಿ ತೂಕದ ಪಾಂಡು ಮೇಲೆದ್ದ. ಎದ್ದದ್ದು ಎನ್ನುವುದಕ್ಕಿಂತ ಅವಳೇ ಎತ್ತಿ ನಿಲ್ಲಿಸಿದಳು. ಸ್ವಲ್ಪ ಹೊತ್ತು ಅವಳ ಹೆಗಲು ಹಿಡಿದೇ ನಿಂತ.

"ನೀನ್ ಎಷ್ಟ್ ಗಟ್ಟಿ ಆದೆ ಹೆಣೆ!" ಅಂದ ಪಾಂಡು, ನಿಜವಾಗಿ ಬೆರಗಾಗಿ.

ಆಗ ಸುಗುಣಳ ನಗು ಒಡೆಯಿತು. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಾ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಪಾಂಡುವಿಗೂ ತಡೆಯಲಾಗಲಿಲ್ಲ. ಇಬ್ಬರ ನಗುವಿಗೆ ಬೆಕ್ಕುಗಳು ಬೇಲಿ ಹಾರಿದವು.

ನಗು ಇಳಿದ ಮೇಲೆ ಪಾಂಡು ಅವಳ ಪಕ್ಕದಲ್ಲಿ ಕೂತು ಕೇಳಿದ, "ಒಂದ್ ಮಾತ್ ಹೇಳ್. ನಾನ್ ಮಾಡೂದ್ರಲ್ ನಿಂಗೆ ಯಾವ್ದ್ ಇಷ್ಟ?"

ಸುಗುಣ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಖರೆ ಹೇಳ್ಕಾ?"

"ಹೇಳ್."

"ಯಾವ್ದೂ ಇಲ್ಲ. ಚಾ ಒಂದ್ ಬಿಟ್ರೆ ನಂಗೆ ಸಿಹಿ ಅಷ್ಟ್ ಆತಿಲ್ಲ. ನೀವ್ ಬಾಗ್ಲಲ್ ತಟ್ಟೆ ಹಿಡ್ಕಂಡ್ ನಿಂತದ್ ಕಂಡ್ರೆ ಬ್ಯಾಡ ಹೇಳೂಕ್ ಮನ್ಸ್ ಬತ್ತಿಲ್ಲ. ಹಾಂಗಾಯಿ ತಿಂಬುದ್."

ಪಾಂಡುವಿಗೆ ನೋವಾಯಿತು, ಆದರೆ ಆ ನೋವಿನಲ್ಲಿ ಒಂದು ಹಗುರವೂ ಇತ್ತು. ಅವನು ಮಾಡಿದ್ದೆಲ್ಲ ಗಿರ್‌ಗಾಂವ್‌ನ ಗಿರಾಕಿಗಳು ಬೇಡುತ್ತಿದ್ದ ಬಿಸ್ಕೀಟು. ಹೆಂಡತಿಗೆ ಏನು ಬೇಕೆಂದು ಅವನು ಇದುವರೆಗೆ ಕೇಳಿರಲೇ ಇಲ್ಲ.

"ನಾಳೆ ನಾನೂ ನಿನ್ ಸಂಗ್ತಿ ಬತ್ತೆ," ಅಂದ.

"ಎಲ್ಲಿಗೆ?"

"ಮಾರ್ಕೆಟ್ಟಿಗೆ. ನೀನ್ ಎಂತ ತಿಂತೆ, ಯಾವಾಗ ತಿಂತೆ, ಕಾಂಬ."

ಮರುದಿನ ಅವನು ಗಂಗೊಳ್ಳಿಗೆ ಹೋದ. ಬೋಟಿನಿಂದ ಇಳಿಯುವ ಮೀನಿಗೆ ಹೆಂಗಸರು ಕೂಗುವ ದರ ಕೇಳಿದ. ಸುಗುಣ ಬಂಗುಡೆಯ ಕಿವಿರು ಎತ್ತಿ ನೋಡಿ, ಬೇಡವೆಂದು ತಲೆಯಾಡಿಸಿ, ಮತ್ತೊಂದು ರಾಶಿಗೆ ಹೋಗುವುದನ್ನು ನೋಡಿದ. ಟೆಂಪೋದ ಹಿಂದೆ ಐಸಿನ ಪೆಟ್ಟಿಗೆಗಳ ನಡುವೆ ಕೂತು ಕುಂದಾಪುರ ತಲುಪಿದ. ಆಮೇಲೆ ಮಧ್ಯಾಹ್ನ ಒಂದು ಗಂಟೆಯವರೆಗೆ ಅವಳ ಹಿಂದಿನ ಕಟ್ಟೆಯ ಮೇಲೆ ಕೂತ. ಬಾಗಿ, "ಹ್ವಾಯ್ ಪಾಂಡಣ್ಣ, ನೀವ್ ಹೆಂಡ್ತಿ ಕಾವುಕೆ ಬಂದ್ರ್ಯಾ, ಮೀನ್ ಕಾವುಕಾ?" ಎಂದು ಕೆಣಕಿದರೂ ಸಿಟ್ಟಾಗಲಿಲ್ಲ. ಅವನು ಲೆಕ್ಕ ಹಾಕುತ್ತಿದ್ದ. ಒಂಬತ್ತು ಗಂಟೆಗೆ ಗಿರಾಕಿಗಳ ಗದ್ದಲ ಸ್ವಲ್ಪ ಇಳಿಯುತ್ತದೆ, ಆಗ ಹೆಂಗಸರಿಗೆ ಹಸಿವು. ಆದರೆ ಕೈಯೆಲ್ಲ ಮೀನು. ತೊಳೆಯಲು ನಲ್ಲಿ ದೂರ, ಎದ್ದು ಹೋದರೆ ಗಿರಾಕಿ ಪಕ್ಕದವಳಿಗೆ. ಅದಕ್ಕೆ ಹನ್ನೊಂದರವರೆಗೆ ಹಸಿವು ಕಟ್ಟಿಕೊಂಡಿದ್ದು, ಆಮೇಲೆ ಸಕ್ಕರೆ ಸುರಿದ ಚಾ, ಸಿಕ್ಕಿದ ಬಿಸ್ಕೀಟು. ಬಾಗಿಯೂ ಹಾಗೇ, ಆಚೆ ಕೂತವರೂ ಹಾಗೇ.

ಹಿಂದಿರುಗಿ ಬರುವಾಗ ಪಾಂಡು ಬಸ್ಸಿನಲ್ಲಿ ಮಾತೇ ನಿಲ್ಲಿಸಲಿಲ್ಲ. "ದುಂಡಗಿನದ್ ಆತಿಲ್ಲ ಕಾಣ್. ಉದ್ದ ಬೇಕ್, ಕಡ್ಡಿ ಕಂಡಂಗೆ. ಒಂದ್ ತುದಿಗೆ ಕಾಗ್ದ ಸುತ್ತಿರ್ಕ್. ಕಾಗ್ದ ಹಿಡ್ಕಂಡ್ ಕಚ್ಚೂದ್, ಕೈ ತಾಗೂದೇ ಇಲ್ಲ. ಸಿಹಿ ಇಲ್ಲ, ಖಾರ. ಹೊಟ್ಟೆಲ್ ನಿಲ್ಲೂಕೆ ಕಡ್ಲಿ ಬೇಕ್, ನೆಲಗಡ್ಲಿ ಬೇಕ್."

"ನಿಧಾನ ಹೇಳಿ, ಬಸ್ಸಲ್ ಎಲ್ರೂ ಕಾಣ್ತಾ ಇದ್ರ್," ಅಂದಳು ಸುಗುಣ. ಆದರೆ ಅವಳಿಗೆ ಖುಷಿಯಾಗಿತ್ತು. ಮೂವತ್ತೆರಡು ವರ್ಷ ಅವನು ಏನು ಕೆಲಸ ಮಾಡುತ್ತಿದ್ದ ಎಂಬುದು ಅವಳಿಗೆ ಅಂದು ಮೊದಲ ಸಲ ಅರ್ಥವಾದಂತೆ ಇತ್ತು.

ಎರಡು ಪಾಲು ಗೋಧಿ ಹಿಟ್ಟು, ಒಂದು ಪಾಲು ರಾಗಿ, ಅರ್ಧ ಪಾಲು ಕಡಲೆ ಹಿಟ್ಟು. ಹುರಿದು ತರಿತರಿಯಾಗಿ ಕುಟ್ಟಿದ ನೆಲಗಡಲೆ. ಎಳ್ಳು, ಕಾಳುಮೆಣಸು, ಕೈಯಲ್ಲಿ ಹರಿದ ಕರಿಬೇವು. ಡಾಲ್ಡಾದ ಬದಲು ಸ್ವಲ್ಪವೇ ತೆಂಗಿನೆಣ್ಣೆ. ಕಲಸಲು ಹುಳಿ ಮೊಸರು. ಮೊಸರಿನಲ್ಲಿ ರಾಗಿಯನ್ನು ಮೂರು ಗಂಟೆ ನೆನೆಸಿಟ್ಟರೆ ಅದು ಮೆತ್ತಗಾಗುತ್ತದೆ, ಗೋಧಿ ಹಿಟ್ಟು ಅದನ್ನು ಹಿಡಿದುಕೊಳ್ಳುತ್ತದೆ ಎಂಬುದನ್ನು ಪಾಂಡು ಎರಡು ತಟ್ಟೆ ಹಾಳು ಮಾಡಿ ಕಂಡುಕೊಂಡ. ಉದ್ದಕ್ಕೆ ಹೊಸೆದು ಒಮ್ಮೆ ಸುಟ್ಟು, ತಣಿಸಿ, ಸಣ್ಣ ಕಾವಿನಲ್ಲಿ ಮತ್ತೊಮ್ಮೆ ಸುಟ್ಟ. ಮೂರನೆಯ ತಟ್ಟೆಯ ಕಡ್ಡಿಯನ್ನು ಮುರಿದಾಗ ಟಕ್ ಎಂಬ ಸದ್ದು ಬಂತು. ಅವನಿಗೆ ಆ ಸದ್ದಿನಲ್ಲೇ ಗೊತ್ತಾಯಿತು.

ಸುಗುಣ ಕಚ್ಚಿದಳು. ಪಾಂಡು ಏನೂ ಕೇಳಲಿಲ್ಲ, ಕಾದ.

"ಉಪ್ಪ್ ಸಾಲ," ಅಂದಳು. "ಮೆಣ್ಸ್ ಒಂಚೂರ್ ಜಾಸ್ತಿ ಆಯ್ತ್. ಮತ್ತೊಂದ್ ಕೊಡಿ."

ಅವಳು "ಮತ್ತೊಂದು" ಎಂದು ಕೇಳಿದ್ದು ಅದೇ ಮೊದಲು. ಪಾಂಡು ಉಪ್ಪಿನ ಡಬ್ಬ ಹುಡುಕುವ ನೆವದಲ್ಲಿ ಆಚೆ ತಿರುಗಿ ನಿಂತ.

ಮಾರ್ಕೆಟ್ಟಿಗೆ ಮೊದಲ ದಿನ ಆರು ಕಡ್ಡಿ ಹೋಯಿತು, ಸುಗುಣಳಿಗೆ ಮೂರು, ಬಾಗಿಗೆ ಮೂರು. ಎರಡನೆಯ ವಾರಕ್ಕೆ ಸಾಲಿನಲ್ಲಿ ಕೂತವರೆಲ್ಲ ಕೇಳತೊಡಗಿದರು. ಒಂಬತ್ತು ಗಂಟೆಗೆ ಹೆಂಗಸರು ಒಂದು ಕೈಯಲ್ಲಿ ಕಾಗದ ಸುತ್ತಿದ ಕಡ್ಡಿ ಹಿಡಿದು ಕಚ್ಚುತ್ತಾ, ಇನ್ನೊಂದು ಕೈಯಲ್ಲಿ ಮೀನು ತೋರಿಸಿ ಗಿರಾಕಿ ಕರೆಯುವುದು ಮಾಮೂಲಾಯಿತು. ಹಿಟ್ಟು ಅವರವರೇ ತಂದುಕೊಟ್ಟರು. ಪಾಂಡು ವಾರಕ್ಕೆ ಎರಡು ದಿನ ಸುಟ್ಟುಕೊಟ್ಟ. ಸುಗುಣ ಚಾದ ಸಕ್ಕರೆಯನ್ನು ಮೂರು ಚಮಚದಿಂದ ಎರಡಕ್ಕೆ, ಎರಡರಿಂದ ಅರ್ಧಕ್ಕೆ ಇಳಿಸಿದಳು. ಪೂರ್ತಿ ಬಿಡಲು ಆಗಲಿಲ್ಲ. "ಅದೊಂದ್ ಅರ್ಧ ಚಮಚ ಇರ್ಲಿ, ಬದ್ಕೂಕೆ ಬೇಕಲ್ದಾ," ಅಂದಳು ಶರಣ್ಯಾಳಿಗೆ.

ಪಾಂಡು ಅಂಗಳದ ವ್ಯಾಯಾಮಕ್ಕೂ ಹೋಗತೊಡಗಿದ. ಮೊದಲ ದಿನ ಹೆಂಗಸರು ಸೆರಗು ಸರಿಮಾಡಿಕೊಂಡು ಮುಸಿಮುಸಿ ನಕ್ಕರು. ಶರಣ್ಯಾ ಅವನಿಗೆ ಒಂದು ಸ್ಟೂಲು ಹಾಕಿ, "ಮಾವ, ನೆಲಕ್ಕೆ ಇಳೂದ್ ಬ್ಯಾಡ. ಸ್ಟೂಲಿಗೆ ತಾಗಿ ಏಳಿ. ಎರಡ್ ತಿಂಗಳ ಮೇಲೆ ಸ್ಟೂಲ್ ತೆಗೂವ," ಅಂದಳು. ದಂಡ ಹೊಡೆಯುವ ಸರದಿ ಬಂದಾಗ ಮಾತ್ರ ಪಾಂಡು ನೆಲಕ್ಕೆ ಕೈ ಊರಿ ಹನ್ನೆರಡು ಸಲ ಇಳಿದು ಎದ್ದ. ಮುಸಿಮುಸಿ ನಗು ನಿಂತಿತು. "ಹಿಟ್ಟ್ ನಾದದ್ ಕೈ ಅಲ್ದಾ," ಅಂದಳು ಬಾಗಿ ಮೆಚ್ಚಿಕೊಂಡು. ಅಂದಿನಿಂದ ಮೊಣಕೈ ಎಲ್ಲಿ ಮಡಚಬೇಕು, ಭಾರ ಅಂಗೈಯ ಯಾವ ಭಾಗಕ್ಕೆ ಬರಬೇಕು ಎಂದು ಹೆಂಗಸರಿಗೆ ಹೇಳಿಕೊಡುವ ಕೆಲಸ ಅವನದಾಯಿತು. ಮೇ ತಿಂಗಳ ಕೊನೆಗೆ ಸುಗುಣ ನೆಲದ ಮೇಲೆ ನಾಲ್ಕು ದಂಡ ಹೊಡೆದಳು. ಶರಣ್ಯಾಳ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಎದುರು ನೆಲದಿಂದ ಎತ್ತಿದ ತೂಕ ನಲವತ್ತೈದು ಕೆಜಿ ಎಂದಿತ್ತು.

ಜೂನ್ ಮೊದಲ ವಾರ ಮತ್ತೆ ರಕ್ತ ಪರೀಕ್ಷೆ. ಮೂರು ತಿಂಗಳ ಸಕ್ಕರೆಯ ಸರಾಸರಿ 8.1ರಿಂದ 6.9ಕ್ಕೆ ಇಳಿದಿತ್ತು. ಡಾಕ್ಟರು ಚೀಟಿಯನ್ನು ಎರಡು ಸಲ ನೋಡಿದರು.

"ಬಹಳ ಒಳ್ಳೇದು. ಮಾತ್ರೆ ಈಗಲೇ ಬಿಡೋದು ಬೇಡ. ಏನು ಮಾಡಿದ್ರಿ?"

ಸುಗುಣ ಚೀಲದಿಂದ ಒಂದು ಕಡ್ಡಿ ತೆಗೆದು ಮೇಜಿನ ಮೇಲಿಟ್ಟಳು. "ಇವ್ರ್ ಮಾಡದ್ದ್. ತಿಂದ್ ಕಾಣಿ."

ಡಾಕ್ಟರು ಕಚ್ಚಿ, ಅಗಿದು, "ಇದರಲ್ಲಿ ಏನೇನಿದೆ?" ಎಂದು ಪಾಂಡುವನ್ನು ಕೇಳಿದರು. ಪಾಂಡು ಸ್ಟೂಲಿನಿಂದ ಎದ್ದು ನಿಂತು, ಪರೀಕ್ಷೆಗೆ ಉತ್ತರ ಹೇಳುವವನಂತೆ ಒಂದೊಂದಾಗಿ ಹೇಳಿದ. "ದಿನಕ್ಕೆ ಮೂರೇ. ಒಳ್ಳೆಯದೆಂದು ಹತ್ತು ತಿನ್ನಬಾರದು," ಅಂದರು ಡಾಕ್ಟರು. ಮತ್ತೆ ಮೆಲ್ಲಗೆ, "ನನಗೂ ಒಂದಿಷ್ಟು ಕಳಿಸ್ತೀರಾ?" ಅಂದರು.

ಅದೇ ವಾರ ಮಳೆ ಹಿಡಿಯಿತು. ಬೋಟುಗಳು ದಡ ಸೇರಿದವು, ಬಂದರು ಖಾಲಿಯಾಯಿತು. ಸುಗುಣಳಿಗೆ ಎರಡು ತಿಂಗಳು ಮನೆಯಲ್ಲೇ ಕೆಲಸ. ವ್ಯಾಯಾಮ ಶರಣ್ಯಾಳ ಅಂಗಳದಿಂದ ಜಗಲಿಗೆ ಬಂತು.

ಒಂದು ಬೆಳಿಗ್ಗೆ ಪಾಂಡು ಹಿಟ್ಟು ಕಲಸಲು ಪರಾತ ಇಳಿಸಿದಾಗ ಸುಗುಣ ಕೈ ತೊಳೆದುಕೊಂಡು ಬಂದಳು.

"ಸರೀರಿ. ಇವತ್ ನಾನ್ ನಾದ್ತೆ."

"ನೀನಾ? ಇದ್ ಚಪಾತಿ ಹಿಟ್ಟಲ್ಲ ಹೆಣೆ. ರಾಗಿ ಕೈಗೆ ಅಂಟತ್ತ್."

"ನಿಮ್ಮನ್ನ್ ಎತ್ತಿ ನಿಲ್ಸದ್ ಕೈ ಇದ್, ಗೊತ್ತಿತ್ತಲ್ಲ?"

ಪಾಂಡು ಸರಿದು ಕೂತ. ಅಂಗೈಯ ಬುಡದಿಂದ ದೂರಕ್ಕೆ ತಳ್ಳಬೇಕು, ಮಡಚಬೇಕು, ಕಾಲು ಸುತ್ತು ತಿರುಗಿಸಬೇಕು ಎಂದು ಹೇಳಿಕೊಟ್ಟ. ಅವಳ ಕೈ ಮೊದಲು ತಡವರಿಸಿತು, ಆಮೇಲೆ ಒಂದು ಲಯಕ್ಕೆ ಬಂತು. ಹೊರಗೆ ಮಳೆ ಜೋರಾಗಿ ಹೊಯ್ಯುತ್ತಿತ್ತು. ಹತ್ತು ನಿಮಿಷದಲ್ಲಿ ಹಿಟ್ಟು ನುಣ್ಣಗಾಯಿತು. ಪಾಂಡು ಬೆರಳಲ್ಲಿ ಒತ್ತಿ ನೋಡಿದ. ಗುಳಿ ಬಿದ್ದು ಮೆಲ್ಲಗೆ ಮೇಲೆ ಬಂತು.

"ನಂಗಿಂತ ಲಾಯ್ಕ್ ನಾದ್ದೆ," ಅಂದ.

"ಹಾಂಗಾರೆ ಇನ್ನ್ ಹಿಟ್ಟ್ ನಂದ್," ಅಂದಳು ಸುಗುಣ, ಬೆರಳ ಸಂದಿಯ ರಾಗಿ ಉಜ್ಜಿ ತೆಗೆಯುತ್ತಾ. "ನೀವ್ ಇವತ್ ಮಧ್ಯಾಹ್ನಕ್ಕೆ ಒಣ ಶೆಟ್ಲಿ ಚಟ್ನಿ ಮಾಡಿ."

"ನಂಗೆ ಬತ್ತಿಲ್ಲ ಮರಾಯ್ತಿ. ನಾನ್ ಎಲ್ಲಿ ಮಾಡಿದ್ದೆ?"

"ಕಲ್ತ್ಕಣಿ. ಡಬ್ಬ ಅಟ್ಟದ್ ಮೇಲಿತ್ತ್. ಮೊದ್ಲ್ ಶೆಟ್ಲಿ ತಲೆ ಬಾಲ ಮುರೀಕ್, ಮತ್ತೆ ಹುರೀಕ್. ಕಾಯಿ ತುರೂಕೆ ಇಲ್ಲಿ ಕೂಕಣಿ, ನನ್ ಎದ್ರಿಗೆ."

ಪಾಂಡು ಲುಂಗಿ ಎತ್ತಿ ಕಟ್ಟಿ, ಒಣ ಸಿಗಡಿಯ ಡಬ್ಬ ಇಳಿಸಲು ಅಟ್ಟಕ್ಕೆ ಏಣಿ ಹಾಕಿದ.